ಪುಲ್‌ಅಪ್ ರೋಧಕ ಮತ್ತು ಲೆವೆಲ್ ಶಿಫ್ಟರ್: ಐ2ಸಿ ಬಸ್ಸಿಗೆ ಆಯ್ಕೆಯ ಲೆಕ್ಕಾಚಾರ

ಒಂದೇ ಸರ್ಕ್ಯೂಟ್ ಬೋರ್ಡಿನ ಮೇಲಿರುವ ಅಥವಾ ಹತ್ತಿರ ಹತ್ತಿರದ ಬೋರ್ಡುಗಳ ಮೇಲಿರುವ ಐಸಿಗಳು ಎರಡೇ ತಂತಿಗಳ ಮೂಲಕ ಮಾಹಿತಿ ಹಂಚಿಕೊಳ್ಳುವ ವ್ಯವಸ್ಥೆಗೆ ಐ2ಸಿ ಬಸ್ ಎಂದು ಹೆಸರು. ನೆದರ್‌ಲೆಂಡ್ಸಿನ ಫಿಲಿಪ್ಸ್ ಕಂಪನಿ 1982ರಲ್ಲಿ ಇದನ್ನು ರೂಪಿಸಿತು. ಟಿವಿ ಸೆಟ್ಟಿನೊಳಗಿನ ಐಸಿಗಳ ನಡುವೆ ತಂತಿಗಳ ಸಂಖ್ಯೆ ಇಳಿಸುವುದು ಆಗಿನ ಉದ್ದೇಶ. ದತ್ತಾಂಶಕ್ಕೆ ಎಸ್‌ಡಿಎ ಎಂಬ ಒಂದು ತಂತಿ, ಗಡಿಯಾರದ ಮಿಡಿತಕ್ಕೆ ಎಸ್‌ಸಿಎಲ್ ಎಂಬ ಇನ್ನೊಂದು. ಈ ಎರಡು ತಂತಿಗಳನ್ನು ಮೇಲಿನ ವೋಲ್ಟೇಜಿಗೆ ಎಳೆದು ನಿಲ್ಲಿಸುವ ರೋಧಕವೇ ಪುಲ್‌ಅಪ್ ರೋಧಕ. ಬೇರೆ ಬೇರೆ ವೋಲ್ಟೇಜಿನಲ್ಲಿ ಕೆಲಸ ಮಾಡುವ ಐಸಿಗಳನ್ನು ಒಂದೇ ಬಸ್ಸಿಗೆ ಸೇರಿಸುವ ನಡುವಿನ ಸರ್ಕ್ಯೂಟ್ ಲೆವೆಲ್ ಶಿಫ್ಟರ್. ಬಿಡಿಭಾಗಗಳ ಪಟ್ಟಿಯಲ್ಲಿ ಇವೆರಡೂ ಕೊನೆಯ ಸಾಲುಗಳಲ್ಲಿ ಬರುತ್ತವೆ, ಬೆಲೆಯೂ ಅಲ್ಪ. ಆದರೆ ಒಂದನ್ನು ಬಿಟ್ಟು ಇನ್ನೊಂದನ್ನು ಸರಿಯಾಗಿ ಆರಿಸಲು ಬರುವುದಿಲ್ಲ. ಎರಡನ್ನೂ ಒಂದೇ ಲೆಕ್ಕದೊಳಗೆ ಕೂಡಿಸಿ ನೋಡದಿದ್ದುದೇ ಐ2ಸಿ ಬಸ್ಸಿನ ಬಹುಪಾಲು ತೊಂದರೆಗಳ ಮೂಲ.

ಸ್ಟ್ರಾಟ್‌ಫರ್ಡಿನ ಬಾವಲಿ ಪೆಟ್ಟಿಗೆಗಳು

ಈ ಲೆಕ್ಕ ಎಲ್ಲಿ ಬೇಕಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ನೋಡೋಣ. ಪೂರ್ವ ಲಂಡನ್ನಿನ ಸ್ಟ್ರಾಟ್‌ಫರ್ಡ್ 2012ರ ಒಲಿಂಪಿಕ್ಸ್ ನಡೆದ ಊರು. ಕ್ರೀಡಾಕೂಟದ ನೆಲ ಈಗ ಕ್ವೀನ್ ಎಲಿಜಬೆತ್ ಒಲಿಂಪಿಕ್ ಪಾರ್ಕ್. ಲೀ ನದಿಯ ಕಾಲುವೆಗಳ ಬದಿಯಲ್ಲಿ ಹರಡಿರುವ ಈ ಉದ್ಯಾನದಲ್ಲಿ 2017ರಲ್ಲಿ 15 ಬಾವಲಿ ನಿಗಾ ಪೆಟ್ಟಿಗೆಗಳನ್ನು ಕಂಬಗಳ ಮೇಲೆ ಕೂರಿಸಿದರು. ಯೂನಿವರ್ಸಿಟಿ ಕಾಲೇಜ್ ಲಂಡನ್ ಮತ್ತು ಇಂಟೆಲ್ ಕಂಪನಿಯ ಸಹಯೋಗದ ಸಂಶೋಧನಾ ಸಂಸ್ಥೆ, ಬ್ಯಾಟ್ ಕನ್ಸರ್ವೇಶನ್ ಟ್ರಸ್ಟ್, ಅರುಪ್ ಮತ್ತು ಉದ್ಯಾನವನ್ನು ನೋಡಿಕೊಳ್ಳುತ್ತಿದ್ದ ಲಂಡನ್ ಲೆಗಸಿ ಡೆವಲಪ್‌ಮೆಂಟ್ ಕಾರ್ಪೊರೇಶನ್ ಇದರಲ್ಲಿ ಜೊತೆಗೂಡಿದ್ದವು. 'ಎಕೋ ಬಾಕ್ಸ್' ಎಂದು ಕರೆದ ಈ ಪೆಟ್ಟಿಗೆ ಮನುಷ್ಯರ ಕಿವಿಗೆ ಕೇಳದ ಶಬ್ದವನ್ನು 96 ಕಿಲೊಹರ್ಟ್ಸ್‌ವರೆಗೆ ಹಿಡಿದು, ಅದನ್ನು ಚಿತ್ರವಾಗಿ ಬದಲಿಸಿ, ಬಾವಲಿಯ ಕೂಗು ಇದೆಯೇ ಎಂಬುದನ್ನು ಕಂಬದ ಮೇಲೆಯೇ ಗುರುತಿಸುತ್ತಿತ್ತು. ಪೂರ್ತಿ ಧ್ವನಿಮುದ್ರಣವನ್ನು ಎಲ್ಲಿಗೋ ಕಳಿಸಿ ಪರೀಕ್ಷಿಸುವ ಅಗತ್ಯವೇ ಇರಲಿಲ್ಲ.

ಈ ಪೆಟ್ಟಿಗೆಯ ಒಳಗಿದ್ದ ಕಂಪ್ಯೂಟರ್ ಇಂಟೆಲ್ ಎಡಿಸನ್. 2014ರಲ್ಲಿ ಮಾರುಕಟ್ಟೆಗೆ ಬಂದ, ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಾದ ಈ ಮಾಡ್ಯೂಲಿನ ಎಲ್ಲ ಸಂಕೇತ ಪಿನ್ನುಗಳೂ 1.8 ವೋಲ್ಟಿನವು. ಹೊರಗೆ ಸಿಗುವ ಸೆನ್ಸರ್ ಮಾಡ್ಯೂಲುಗಳು ಹೆಚ್ಚಾಗಿ 3.3 ವೋಲ್ಟಿನವು, ಹಳೆಯವು 5 ವೋಲ್ಟಿನವು. ಆದ್ದರಿಂದಲೇ ಇಂಟೆಲ್ ಎಡಿಸನ್ನಿಗೆ ಆರ್ಡುಯಿನೊ ಆಕಾರದ ಒಂದು ದೊಡ್ಡ ಬೋರ್ಡನ್ನೂ ಕೊಟ್ಟಿತು. 1.8 ವೋಲ್ಟನ್ನು 3.3 ಅಥವಾ 5 ವೋಲ್ಟಿಗೆ ಬದಲಿಸುವ ಲೆವೆಲ್ ಶಿಫ್ಟರ್‌ಗಳು ಆ ಬೋರ್ಡಿನ ಮೇಲೆ ಸಾಲುಗಟ್ಟಿದ್ದವು. ಯಾವ ವೋಲ್ಟೇಜ್ ಬೇಕೆಂಬುದನ್ನು ಒಂದು ಜಂಪರ್ ನಿರ್ಧರಿಸುತ್ತಿತ್ತು. ಅಷ್ಟು ಪುಟ್ಟ ಕಂಪ್ಯೂಟರನ್ನು ಹೊರಜಗತ್ತಿಗೆ ಜೋಡಿಸಲು ಅದರ ಹಲವು ಪಟ್ಟು ದೊಡ್ಡ ಬೋರ್ಡು ಬೇಕಾದದ್ದಕ್ಕೆ ವೋಲ್ಟೇಜ್ ಹೊಂದಾಣಿಕೆಯೂ ಒಂದು ಮುಖ್ಯ ಕಾರಣ. ಬಾವಲಿ ಪೆಟ್ಟಿಗೆಯ ಮೈಕ್ರೊಫೋನು ಯುಎಸ್‌ಬಿ ಮೂಲಕ ಜೋಡಣೆಯಾದದ್ದರಿಂದ ಅದಕ್ಕೆ ಈ ತಾಪತ್ರಯ ತಟ್ಟಲಿಲ್ಲ. ಆದರೆ ಅಂಥದೇ ಪೆಟ್ಟಿಗೆಗೆ ತಾಪ, ತೇವಾಂಶ, ಬೆಳಕು ಅಳೆಯುವ ಐ2ಸಿ ಸೆನ್ಸರ್‌ಗಳನ್ನು ಸೇರಿಸಲು ಹೊರಟವರು ಮುಂದಿನ ಲೆಕ್ಕಗಳನ್ನು ಮಾಡದೆ ಗತ್ಯಂತರವಿಲ್ಲ. ಅದೇ ಸ್ಟ್ರಾಟ್‌ಫರ್ಡಿನ ಒನ್ ಪೂಲ್ ಸ್ಟ್ರೀಟ್ ಕಟ್ಟಡದಲ್ಲಿ ಯೂನಿವರ್ಸಿಟಿ ಕಾಲೇಜಿನ 'ಕನೆಕ್ಟೆಡ್ ಎನ್ವಿರಾನ್‌ಮೆಂಟ್ಸ್' ಸ್ನಾತಕೋತ್ತರ ತರಗತಿ ಈಗ ನಡೆಯುತ್ತಿದೆ. ಪರಿಸರವನ್ನು ಅಳೆಯುವ ಉಪಕರಣಗಳನ್ನು ಕೈಯಾರೆ ಕಟ್ಟುವುದು ಅಲ್ಲಿಯ ಪಾಠದ ಭಾಗ.

ರೋಧಕ ಯಾಕೆ ಬೇಕು

ಐ2ಸಿ ಬಸ್ಸಿನಲ್ಲಿರುವ ಯಾವ ಐಸಿಯೂ ತಂತಿಯನ್ನು ಮೇಲಕ್ಕೆ ತಳ್ಳುವುದಿಲ್ಲ. ಪ್ರತಿಯೊಂದರೊಳಗೂ ತಂತಿಯನ್ನು ಗ್ರೌಂಡಿಗೆ ಎಳೆಯುವ ಒಂದು ಟ್ರಾನ್ಸಿಸ್ಟರ್ ಮಾತ್ರ ಇರುತ್ತದೆ. ಇದು ಓಪನ್ ಡ್ರೇನ್ ವ್ಯವಸ್ಥೆ. ಮನೆಯ ಬಾವಿಯ ರಾಟೆ ಹಗ್ಗದಂತೆ ಇಲ್ಲಿ ಎಳೆಯುವುದಷ್ಟೇ ಸಾಧ್ಯ, ನೂಕಲು ಬಾರದು. ಎಲ್ಲರೂ ಕೈ ಬಿಟ್ಟಾಗ ತಂತಿಯನ್ನು ಮೇಲಕ್ಕೆ ಒಯ್ಯುವುದು ಪುಲ್‌ಅಪ್ ರೋಧಕದ ಕೆಲಸ. ಈ ಏರ್ಪಾಟಿನಿಂದ ದೊಡ್ಡ ಲಾಭವಿದೆ. ಎರಡು ಐಸಿಗಳು ಒಮ್ಮೆಲೇ ಮಾತಾಡಿದರೂ ಯಾವುದೂ ಸುಡುವುದಿಲ್ಲ. ನಿಧಾನದ ಸೆನ್ಸರ್ ಗಡಿಯಾರದ ತಂತಿಯನ್ನು ಕೆಳಗೇ ಹಿಡಿದು 'ತಾಳು' ಎನ್ನಬಹುದು.

ಬೆಲೆ ತೆರಬೇಕಾದದ್ದು ಏರಿಕೆಯ ವೇಗದಲ್ಲಿ. ತಂತಿ, ಬೋರ್ಡಿನ ತಾಮ್ರದ ಗೆರೆ, ಐಸಿಗಳ ಪಿನ್ನು ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಧಾರಕತೆ ಇರುತ್ತದೆ. ರೋಧಕ ಈ ಧಾರಕತೆಯನ್ನು ತುಂಬಿದಂತೆಲ್ಲ ವೋಲ್ಟೇಜ್ ಮೇಲೇರುತ್ತದೆ. ರೋಧಕದ ಓಮ್ ಹೆಚ್ಚಾದರೆ ಏರಿಕೆ ನಿಧಾನ. ಓಮ್ ಕಡಿಮೆಯಾದರೆ ಏರಿಕೆ ಚುರುಕು, ಆದರೆ ತಂತಿಯನ್ನು ಕೆಳಗೆಳೆಯುವ ಟ್ರಾನ್ಸಿಸ್ಟರಿಗೆ ಭಾರ. ಆಯ್ಕೆ ಈ ಎರಡು ಮಿತಿಗಳ ನಡುವೆ ನಡೆಯಬೇಕು.

ಕೆಳಮಿತಿಯನ್ನು ಕಂಡುಹಿಡಿಯುವುದು ಸುಲಭ. ಫಿಲಿಪ್ಸ್‌ನ ಸೆಮಿಕಂಡಕ್ಟರ್ ವಿಭಾಗದ ಉತ್ತರಾಧಿಕಾರಿ ಎನ್‌ಎಕ್ಸ್‌ಪಿ ಪ್ರಕಟಿಸುವ ಐ2ಸಿ ನಿಯಮಾವಳಿಯ ಪ್ರಕಾರ ಸಾಮಾನ್ಯ ಐಸಿ 3 ಮಿಲಿಆಂಪಿಯರ್ ಪ್ರವಾಹವನ್ನು ಎಳೆಯುತ್ತಲೇ ತಂತಿಯನ್ನು 0.4 ವೋಲ್ಟಿಗೆ ಇಳಿಸಬೇಕು. ಸರಬರಾಜು ವೋಲ್ಟೇಜಿನಿಂದ 0.4 ಕಳೆದು ಆ ಪ್ರವಾಹದಿಂದ ಭಾಗಿಸಿದರೆ ಕನಿಷ್ಠ ರೋಧಕ ಸಿಗುತ್ತದೆ. 5 ವೋಲ್ಟಿಗೆ ಅದು 1,533 ಓಮ್, 3.3 ವೋಲ್ಟಿಗೆ 967 ಓಮ್. ಸರಬರಾಜು 2 ವೋಲ್ಟಿಗಿಂತ ಕಡಿಮೆಯಿದ್ದರೆ ನಿಯಮ ಬೇರೆ: 2 ಮಿಲಿಆಂಪಿಯರಿನಲ್ಲಿ ಸರಬರಾಜಿನ ಶೇ. 20ಕ್ಕೆ ಇಳಿಯಬೇಕು. 1.8 ವೋಲ್ಟಿನಲ್ಲಿ ಅದು 720 ಓಮ್.

ಮೇಲ್ಮಿತಿಗೆ ಬಸ್ಸಿನ ವೇಗ ಗೊತ್ತಿರಬೇಕು. ಸರಬರಾಜಿನ ಶೇ. 30ರಿಂದ ಶೇ. 70ಕ್ಕೆ ಏರಲು ಹಿಡಿಯುವ ಸಮಯ 100 ಕಿಲೊಹರ್ಟ್ಸ್‌ನ ಸ್ಟ್ಯಾಂಡರ್ಡ್ ವೇಗದಲ್ಲಿ 1,000 ನ್ಯಾನೊಸೆಕೆಂಡ್ ಮೀರಬಾರದು. 400 ಕಿಲೊಹರ್ಟ್ಸ್‌ನ ಫಾಸ್ಟ್ ವೇಗದಲ್ಲಿ 300. 1 ಮೆಗಾಹರ್ಟ್ಸ್‌ನ ಫಾಸ್ಟ್ ಪ್ಲಸ್‌ನಲ್ಲಿ 120. ಈ ಸಮಯವನ್ನು ಧಾರಕತೆಯ 0.8473 ಪಟ್ಟಿನಿಂದ ಭಾಗಿಸಿದರೆ ಗರಿಷ್ಠ ರೋಧಕ. ಬಸ್ಸಿನ ಧಾರಕತೆ 100 ಪಿಕೊಫ್ಯಾರಡ್ ಇದ್ದರೆ ಸ್ಟ್ಯಾಂಡರ್ಡ್ ವೇಗಕ್ಕೆ ಸುಮಾರು 11.8 ಕಿಲೊಓಮ್‌ವರೆಗೆ ಹೋಗಬಹುದು, ಫಾಸ್ಟ್ ವೇಗಕ್ಕೆ 3.5 ಕಿಲೊಓಮ್ ಮಾತ್ರ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ನಿಯಮಾವಳಿ ಫಾಸ್ಟ್ ವೇಗದಲ್ಲೂ 400 ಪಿಕೊಫ್ಯಾರಡ್‌ವರೆಗೆ ಅವಕಾಶ ಕೊಡುತ್ತದೆ. ಆ ಧಾರಕತೆಗೆ ಗರಿಷ್ಠ ರೋಧಕ 885 ಓಮ್ ಬರುತ್ತದೆ, 3.3 ವೋಲ್ಟಿನ ಕನಿಷ್ಠ ರೋಧಕ 967 ಓಮ್. ಗರಿಷ್ಠವೇ ಕನಿಷ್ಠಕ್ಕಿಂತ ಚಿಕ್ಕದು, ಅಂದರೆ ಸರಿಹೊಂದುವ ರೋಧಕವೇ ಇಲ್ಲ. '400 ಪಿಕೊಫ್ಯಾರಡ್ ಒಳಗಿದ್ದೇವೆ, ಭಯವಿಲ್ಲ' ಎಂದು ನೆಮ್ಮದಿಯಾಗುವವರು ಈ ಭಾಗಾಕಾರ ಮಾಡಿ ನೋಡಿರುವುದಿಲ್ಲ. ಬರೀ ರೋಧಕವನ್ನೇ ನಂಬಿದರೆ ಫಾಸ್ಟ್ ವೇಗದಲ್ಲಿ 200 ಪಿಕೊಫ್ಯಾರಡ್ ದಾಟದಿರುವುದು ಒಳ್ಳೆಯದು.

ಲೆಕ್ಕಕ್ಕೆ ಸಿಗದ ರೋಧಕಗಳು

ರೋಧಕ ಹಾಕುವುದನ್ನೇ ಮರೆತರೆ ಬಸ್ ಮಾತೇ ಆಡುವುದಿಲ್ಲ, ತಪ್ಪು ಕೂಡಲೇ ತಿಳಿಯುತ್ತದೆ. ಹೆಚ್ಚು ಕಾಡುವುದು ಗೊತ್ತಿಲ್ಲದೆ ಸೇರಿಕೊಂಡ ರೋಧಕಗಳು. ಮಾರುಕಟ್ಟೆಯಲ್ಲಿ ಸಿಗುವ ಬಹುತೇಕ ಸೆನ್ಸರ್ ಮಾಡ್ಯೂಲುಗಳಲ್ಲಿ ತಯಾರಕರೇ 4.7 ಅಥವಾ 10 ಕಿಲೊಓಮ್ ರೋಧಕಗಳನ್ನು ಕೂರಿಸಿರುತ್ತಾರೆ. ಒಂದೊಂದೇ ಮಾಡ್ಯೂಲನ್ನು ಪ್ರಯತ್ನಿಸುವವರಿಗೆ ಇದು ಅನುಕೂಲ. ನಾಲ್ಕಾರು ಮಾಡ್ಯೂಲು ಒಂದೇ ಬಸ್ಸಿಗೆ ಬಿದ್ದಾಗ ಎಲ್ಲ ರೋಧಕಗಳೂ ಸಮಾಂತರವಾಗಿ ಕೂಡಿಕೊಳ್ಳುತ್ತವೆ. ರಾಸ್‌ಬೆರಿ ಪೈ ಬೋರ್ಡಿನ ಐ2ಸಿ ಪಿನ್ನುಗಳಲ್ಲಿ ಮೊದಲೇ 1.8 ಕಿಲೊಓಮ್ ರೋಧಕಗಳಿವೆ. ಅದಕ್ಕೆ 4.7 ಕಿಲೊಓಮ್ ಇರುವ ನಾಲ್ಕು ಮಾಡ್ಯೂಲು ಸೇರಿಸಿದರೆ ಒಟ್ಟು ರೋಧಕ ಸುಮಾರು 711 ಓಮಿಗೆ ಇಳಿಯುತ್ತದೆ. ಕನಿಷ್ಠ ಮಿತಿ 967 ದಾಟಿ ಕೆಳಗೆ ಬಂದಾಯಿತು. ಪ್ರತಿ ಸೆನ್ಸರೂ 4 ಮಿಲಿಆಂಪಿಯರಿಗಿಂತ ಹೆಚ್ಚು ಎಳೆಯಬೇಕು. ಮೇಜಿನ ಮೇಲೆ ಇದು ನಡೆದುಬಿಡುತ್ತದೆ. ಅದನ್ನು ನಂಬಿ ಕಂಬಕ್ಕೆ ಏರಿಸುವುದು ಸರಿಯಲ್ಲ. ಹೆಚ್ಚುವರಿ ಮಾಡ್ಯೂಲುಗಳ ರೋಧಕಗಳನ್ನು ಬೆಸುಗೆ ಬಿಡಿಸಿ ತೆಗೆಯಬೇಕು, ಅಥವಾ ಬೋರ್ಡಿನ ಮೇಲೆ ಕತ್ತರಿಸುವ ಗೆರೆ ಇದ್ದರೆ ಕತ್ತರಿಸಬೇಕು.

ಇನ್ನೂ ಅಪಾಯಕಾರಿಯಾದದ್ದು ಬೇರೆ ವೋಲ್ಟೇಜಿಗೆ ಕಟ್ಟಿದ ರೋಧಕ. 5 ವೋಲ್ಟಿನ ಎಲ್‌ಸಿಡಿ ಪರದೆಯ ಹಿಂದೆ ಅಂಟಿಸುವ ಐ2ಸಿ ಬೋರ್ಡುಗಳಲ್ಲಿ ಪುಲ್‌ಅಪ್ 5 ವೋಲ್ಟಿಗೇ ಇರುತ್ತದೆ. ಅದು 4.7 ಕಿಲೊಓಮ್ ಎಂದಿಟ್ಟುಕೊಂಡು ರಾಸ್‌ಬೆರಿ ಪೈಗೆ ನೇರವಾಗಿ ಜೋಡಿಸಿದರೆ ಎಲ್ಲರೂ ಸುಮ್ಮನಿರುವಾಗ ತಂತಿ ಸುಮಾರು 3.77 ವೋಲ್ಟಿನಲ್ಲಿ ನಿಲ್ಲಬೇಕಾಗುತ್ತದೆ. ಪೈನ ಪಿನ್ನುಗಳು 3.3 ವೋಲ್ಟಿಗೆಂದೇ ಮಾಡಿದವು. ಪರದೆ ಬೆಳಗುತ್ತದೆ, ಅಕ್ಷರ ಮೂಡುತ್ತದೆ, ಪಿನ್ನು ಮಾತ್ರ ದಿನವೂ ತನ್ನ ಮಿತಿಯಾಚೆ ದುಡಿಯುತ್ತದೆ.

ಲೆವೆಲ್ ಶಿಫ್ಟರ್‌ಗಳ ಬಗೆಗಳು

ಮೊದಲು ಕೇಳಬೇಕಾದ ಪ್ರಶ್ನೆ: ಶಿಫ್ಟರ್ ಬೇಕೇ ಬೇಕೆ? ಕೆಲವು ಸೆನ್ಸರ್‌ಗಳಿಗೆ ಸಂಕೇತ ಪಿನ್ನುಗಳ ಸರಬರಾಜು ಪ್ರತ್ಯೇಕವಾಗಿರುತ್ತದೆ. ಬಾಷ್ ಕಂಪನಿಯ ಬಿಎಂಇ280 ತಾಪ, ತೇವ, ಒತ್ತಡ ಅಳೆಯುವ ಸೆನ್ಸರು. ಅದರ ಸಂಕೇತ ಭಾಗ 1.2ರಿಂದ 3.6 ವೋಲ್ಟಿನ ನಡುವೆ ಎಲ್ಲಿ ಬೇಕಾದರೂ ಕೆಲಸ ಮಾಡುತ್ತದೆ. 1.8 ವೋಲ್ಟಿನ ಕಂಪ್ಯೂಟರಿಗೆ ಇದನ್ನು ನೇರವಾಗಿ ಜೋಡಿಸಬಹುದು. ಬಿಡಿಭಾಗ ಆರಿಸುವಾಗಲೇ ಇಷ್ಟು ನೋಡಿಕೊಂಡರೆ ಮುಂದಿನ ಅರ್ಧ ಕೆಲಸ ಉಳಿಯುತ್ತದೆ.

ಬೇಕೇ ಬೇಕೆಂದಾದರೆ ಎಲ್ಲಕ್ಕಿಂತ ಸರಳವಾದದ್ದು ಒಂದು ತಂತಿಗೆ ಒಂದು ಮಾಸ್‌ಫೆಟ್ ಟ್ರಾನ್ಸಿಸ್ಟರ್. ಫಿಲಿಪ್ಸ್‌ನ ಹರ್ಮನ್ ಶುಟೆ 1997ರ ಒಂದು ತಾಂತ್ರಿಕ ಟಿಪ್ಪಣಿಯಲ್ಲಿ ಇದನ್ನು ವಿವರಿಸಿದರು. ಗೇಟನ್ನು ಕಡಿಮೆ ವೋಲ್ಟೇಜಿನ ಸರಬರಾಜಿಗೆ, ಸೋರ್ಸನ್ನು ಕಡಿಮೆ ವೋಲ್ಟೇಜಿನ ತಂತಿಗೆ, ಡ್ರೇನನ್ನು ಹೆಚ್ಚು ವೋಲ್ಟೇಜಿನ ತಂತಿಗೆ ಜೋಡಿಸಿ ಎರಡೂ ಕಡೆ ಪುಲ್‌ಅಪ್ ಹಾಕಿದರೆ ಮುಗಿಯಿತು. ಕಡಿಮೆ ವೋಲ್ಟೇಜಿನ ಕಡೆಯವರು ಕೆಳಗೆಳೆದರೆ ಗೇಟ್ ಮತ್ತು ಸೋರ್ಸ್ ನಡುವೆ ವೋಲ್ಟೇಜ್ ಹುಟ್ಟಿ ಮಾಸ್‌ಫೆಟ್ ತೆರೆಯುತ್ತದೆ, ಆಚೆಯ ತಂತಿಯೂ ಇಳಿಯುತ್ತದೆ. ಆಚೆಯವರು ಎಳೆದರೆ ಮೊದಲು ಮಾಸ್‌ಫೆಟ್ಟಿನೊಳಗಿನ ಡಯೋಡ್ ಸೋರ್ಸನ್ನು ಸ್ವಲ್ಪ ಇಳಿಸುತ್ತದೆ, ಆಮೇಲೆ ಮಾಸ್‌ಫೆಟ್ ತೆರೆದು ಉಳಿದದ್ದನ್ನು ಪೂರೈಸುತ್ತದೆ. ಯಾವ ಕಡೆಯವರು ಮಾತಾಡುತ್ತಿದ್ದಾರೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಎರಡು ರೋಧಕ, ಒಂದು ಮಾಸ್‌ಫೆಟ್ಟಿನಲ್ಲಿ ಇಷ್ಟನ್ನು ಸಾಧಿಸಿದ ಈ ವಿನ್ಯಾಸ ಎಲೆಕ್ಟ್ರಾನಿಕ್ಸಿನ ಅತಿ ಸುಂದರ ಸಣ್ಣ ಸರ್ಕ್ಯೂಟುಗಳಲ್ಲೊಂದು. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ 'ಲಾಜಿಕ್ ಲೆವೆಲ್ ಕನ್ವರ್ಟರ್' ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ನಾಲ್ಕು ಚಾನೆಲ್ಲಿನ ಪುಟ್ಟ ಬೋರ್ಡು ಇದೇ; ಬಿಎಸ್‌ಎಸ್138 ಮಾಸ್‌ಫೆಟ್ ನಾಲ್ಕು, 10 ಕಿಲೊಓಮ್ ರೋಧಕ ಎಂಟು.

3.3 ಮತ್ತು 5 ವೋಲ್ಟಿನ ನಡುವೆ ಆ ಬೋರ್ಡು ನಿರಾತಂಕವಾಗಿ ನಡೆಯುತ್ತದೆ. ಆದರೆ 1.8 ವೋಲ್ಟಿಗೆ ಅದನ್ನು ನಂಬುವಂತಿಲ್ಲ. ಬಿಎಸ್‌ಎಸ್138 ತೆರೆಯಲು ಬೇಕಾದ ಗೇಟ್ ವೋಲ್ಟೇಜ್ 0.8ರಿಂದ 1.5 ವೋಲ್ಟಿನವರೆಗೆ ಬಿಡಿಯಿಂದ ಬಿಡಿಗೆ ಬದಲಾಗುತ್ತದೆ. ಹೆಚ್ಚು ವೋಲ್ಟೇಜಿನ ಕಡೆಯ ಸೆನ್ಸರ್ ತಂತಿಯನ್ನು 0.2 ವೋಲ್ಟಿಗೆ ಇಳಿಸಿತು ಎನ್ನಿ. ಡಯೋಡಿನ ಮೂಲಕ ಸೋರ್ಸ್ ಸುಮಾರು 0.8 ವೋಲ್ಟಿಗೆ ಬರುತ್ತದೆ. ಆಗ ಗೇಟಿಗೂ ಸೋರ್ಸಿಗೂ ಇರುವ ಅಂತರ ಬರೀ 1 ವೋಲ್ಟ್. ಆ ಬಿಡಿಗೆ 1.3 ವೋಲ್ಟ್ ಬೇಕಿದ್ದರೆ ಅದು ಸರಿಯಾಗಿ ತೆರೆಯುವುದೇ ಇಲ್ಲ, ತಂತಿ 0.8ರ ಆಸುಪಾಸಿನಲ್ಲೇ ಉಳಿಯುತ್ತದೆ. 1.8 ವೋಲ್ಟಿನ ಐಸಿ ಸೊನ್ನೆಯೆಂದು ಖಚಿತವಾಗಿ ಒಪ್ಪುವುದು 0.54 ವೋಲ್ಟಿಗಿಂತ ಕೆಳಗಿದ್ದರೆ ಮಾತ್ರ. ಕೆಲವು ಬೋರ್ಡು ನಡೆದು ಕೆಲವು ನಡೆಯದೆ, ಬೇಸಿಗೆಯಲ್ಲಿ ಸರಿಯಿದ್ದು ಚಳಿಗಾಲದಲ್ಲಿ ಕೆಡುವ ಪೆಟ್ಟಿಗೆಗಳು ಹುಟ್ಟುವುದು ಹೀಗೆ. ಚಳಿಯಲ್ಲಿ ಮಾಸ್‌ಫೆಟ್ ತೆರೆಯಲು ಬೇಕಾದ ವೋಲ್ಟೇಜ್ ಇನ್ನಷ್ಟು ಏರುತ್ತದೆ. ಸ್ಟ್ರಾಟ್‌ಫರ್ಡಿನ ಜನವರಿಗೆ ಈ ಅಂಚಿನ ವಿನ್ಯಾಸ ತಕ್ಕದ್ದಲ್ಲ.

ಅಂಥ ಕಡೆ ಪಿಸಿಎ9306 ಬಗೆಯ ಐಸಿ ಒಳ್ಳೆಯದು. ತತ್ವ ಅದೇ ಆದರೂ ಒಳಗೆ ಒಂದೇ ತೆರನ ಟ್ರಾನ್ಸಿಸ್ಟರ್‌ಗಳಿದ್ದು, 200 ಕಿಲೊಓಮ್ ರೋಧಕವೊಂದರ ನೆರವಿನಿಂದ ಗೇಟ್ ವೋಲ್ಟೇಜನ್ನು ಅದು ತಾನೇ ಸರಿಹೊಂದಿಸಿಕೊಳ್ಳುತ್ತದೆ. 1.2 ವೋಲ್ಟಿನಷ್ಟು ಕೆಳಗಿನ ಬಸ್ಸನ್ನೂ ಇದು ನಿಭಾಯಿಸುತ್ತದೆ. ನೆನಪಿಡಬೇಕಾದದ್ದು: ಮಾಸ್‌ಫೆಟ್ಟಾಗಲಿ ಪಿಸಿಎ9306 ಆಗಲಿ ಬಸ್ಸನ್ನು ಎರಡಾಗಿ ಬೇರ್ಪಡಿಸುವುದಿಲ್ಲ. ತಂತಿ ಕೆಳಗಿರುವಾಗ ಎರಡೂ ಕಡೆಯ ರೋಧಕಗಳ ಪ್ರವಾಹ ಒಂದೇ ಐಸಿಯ ಮೇಲೆ ಬೀಳುತ್ತದೆ, ಎರಡೂ ಕಡೆಯ ಧಾರಕತೆ ಕೂಡುತ್ತದೆ. ರೋಧಕವನ್ನು ಒಂದೊಂದು ಕಡೆಗೆ ಪ್ರತ್ಯೇಕವಾಗಿ ಲೆಕ್ಕ ಹಾಕುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು.

ಇನ್ನೊಂದು ಬಗೆಯ ಶಿಫ್ಟರ್ ಐಸಿಯಾದ ಟಿಎಕ್ಸ್‌ಎಸ್0102ರೊಳಗೆ 10 ಕಿಲೊಓಮ್ ಪುಲ್‌ಅಪ್‌ಗಳು ಇದ್ದೇ ಇವೆ. ಜೊತೆಗೆ ಏರಿಕೆ ಶುರುವಾದೊಡನೆ ಕ್ಷಣಕಾಲ ತಂತಿಯನ್ನು ಮೇಲಕ್ಕೆ ದೂಡುವ ಏರ್ಪಾಟೂ ಇದೆ. ಚಿಕ್ಕ ಬೋರ್ಡಿನೊಳಗೆ ಇದು ಚುರುಕು. ಉದ್ದದ ಕೇಬಲ್ಲಿಗೆ ಜೋಡಿಸಿದರೆ ಆ ದೂಡಿಕೆಯಿಂದಲೇ ಸಂಕೇತ ತುಯ್ದಾಡುತ್ತದೆ. ಹೆಸರಿನಲ್ಲಿ ಒಂದೇ ಅಕ್ಷರ ಬೇರೆಯಿರುವ ಟಿಎಕ್ಸ್‌ಬಿ0102 ಐ2ಸಿಗೆ ಕೂಡದು. ಅದು ಎರಡೂ ದಿಕ್ಕಿಗೆ ತಳ್ಳುವ ಐಸಿಗಳಿಗಾಗಿ ಮಾಡಿದ್ದು. ಹೊರಗಿನ ಪುಲ್‌ಅಪ್ 50 ಕಿಲೊಓಮಿಗಿಂತ ಹೆಚ್ಚಿರಬೇಕೆಂದು ಅದರ ಡೇಟಾ ಶೀಟೇ ಹೇಳುತ್ತದೆ. ಐಸಿಗಳನ್ನು ಜೋಡಿಸುವ ಬೇರೆ ಬಗೆಗಳಾದ ಎಸ್‌ಪಿಐ ಮತ್ತು ಯುಎಆರ್‌ಟಿ ಬಸ್ಸುಗಳ ತಂತಿಗಳು ಒಂದೇ ದಿಕ್ಕಿನವಾದ್ದರಿಂದ ಅಲ್ಲಿ 74ಎಲ್‌ವಿಸಿ1ಟಿ45 ಅಥವಾ 74ಎಚ್‌ಸಿಟಿ ಸಾಲಿನ ಸಾಮಾನ್ಯ ಬಫರ್ ಸಾಕು.

ಧಾರಕತೆ ಕೈಮೀರಿದಾಗ ಬಸ್ಸನ್ನು ನಿಜವಾಗಿಯೂ ಎರಡಾಗಿ ಸೀಳುವ ಪಿಸಿಎ9517ರಂಥ ಬಫರ್ ಬೇಕಾಗುತ್ತದೆ. ಇದರ ಎ ಬದಿ 0.9 ವೋಲ್ಟಿನಿಂದ ಕೆಲಸ ಮಾಡುತ್ತದೆ, ಬಿ ಬದಿ 2.7 ವೋಲ್ಟಿನಿಂದ. ಬಿ ಬದಿಯ ಸೊನ್ನೆ ಸುಮಾರು 0.5 ವೋಲ್ಟಿನಲ್ಲಿ ನಿಲ್ಲುತ್ತದೆ; ತನ್ನದೇ ಸೊನ್ನೆಯನ್ನು ಬೇರೆಯವರದೆಂದು ಭ್ರಮಿಸಿ ಸಿಕ್ಕಿಕೊಳ್ಳದಿರಲು ಈ ಏರ್ಪಾಟು. ಆದ್ದರಿಂದ ಕಡಿಮೆ ವೋಲ್ಟೇಜಿನ ಕಂಪ್ಯೂಟರ್ ಯಾವಾಗಲೂ ಎ ಬದಿಗೆ ಬರಬೇಕು, ಇಂಥ ಎರಡು ಬಫರುಗಳ ಬಿ ಬದಿಗಳನ್ನು ಒಂದಕ್ಕೊಂದು ಜೋಡಿಸಬಾರದು. ಒಂದೇ ವಿಳಾಸದ ಹಲವು ಸೆನ್ಸರ್‌ಗಳಿದ್ದರೆ ಎಂಟು ಕವಲುಗಳ ಟಿಸಿಎ9548ಎ ಮಲ್ಟಿಪ್ಲೆಕ್ಸರ್ ವಿಳಾಸದ ಜಗಳವನ್ನೂ ವೋಲ್ಟೇಜಿನ ವ್ಯತ್ಯಾಸವನ್ನೂ ಒಟ್ಟಿಗೆ ಬಗೆಹರಿಸುತ್ತದೆ. ಪ್ರತಿ ಕವಲಿಗೂ ಅದರದೇ ಪುಲ್‌ಅಪ್ ಇರಬೇಕು.

ಒಂದು ಉದಾಹರಣೆಯ ಲೆಕ್ಕ

1.8 ವೋಲ್ಟಿನ ಕಂಪ್ಯೂಟರ್, ಪಿಸಿಎ9306, ಒಂದೂವರೆ ಮೀಟರ್ ಕೇಬಲ್, ಕೊನೆಯಲ್ಲಿ 3.3 ವೋಲ್ಟಿನ ನಾಲ್ಕು ಸೆನ್ಸರ್ ಇರುವ ಒಂದು ಕಂಬದ ಪೆಟ್ಟಿಗೆಯನ್ನು ಊಹಿಸಿಕೊಳ್ಳಬಹುದು. ಒಂದು ಪಿನ್ನಿಗೆ 10 ಪಿಕೊಫ್ಯಾರಡ್‌ನಂತೆ ಐದು ಐಸಿಗಳಿಗೆ 50. ನೆಟ್‌ವರ್ಕ್ ಕೇಬಲ್ ಮೀಟರಿಗೆ ಸುಮಾರು 50ರಂತೆ 75. ಬೋರ್ಡಿನ ಗೆರೆ ಮತ್ತು ಶಿಫ್ಟರಿಗೆ 25. ಒಟ್ಟು 150 ಪಿಕೊಫ್ಯಾರಡ್. ಫಾಸ್ಟ್ ವೇಗಕ್ಕೆ ಗರಿಷ್ಠ ರೋಧಕ ಸುಮಾರು 2.36 ಕಿಲೊಓಮ್, ಅಂಗಡಿಯಲ್ಲಿ ಸಿಗುವ ಹತ್ತಿರದ ಮೌಲ್ಯ 2.2 ಕಿಲೊಓಮ್. ಎರಡೂ ಕಡೆ 2.2 ಕಿಲೊಓಮ್ ಹಾಕಿದರೆ ತಂತಿ ಕೆಳಗಿರುವಾಗ 3.3 ವೋಲ್ಟಿನ ಕಡೆಯಿಂದ 1.34, 1.8 ವೋಲ್ಟಿನ ಕಡೆಯಿಂದ 0.65, ಕೂಡಿ ಸುಮಾರು 2 ಮಿಲಿಆಂಪಿಯರ್. ಕಂಪ್ಯೂಟರಿನ ಮಿತಿಯೂ ಸರಿಯಾಗಿ 2. ಲೆಕ್ಕ ಹೊಂದಿತು, ಆದರೆ ಕೂದಲೆಳೆಯಷ್ಟೂ ಬಿಡುವಿಲ್ಲ.

ಅದೇ ಬಸ್ಸನ್ನು 100 ಕಿಲೊಹರ್ಟ್ಸ್‌ಗೆ ಇಳಿಸಿದರೆ ಗರಿಷ್ಠ ರೋಧಕ 7.9 ಕಿಲೊಓಮಿಗೆ ಏರುತ್ತದೆ. 4.7 ಕಿಲೊಓಮ್ ಹಾಕಿದರೆ ಪ್ರವಾಹ 1 ಮಿಲಿಆಂಪಿಯರಿಗಿಂತ ಕಡಿಮೆ, ಏರಿಕೆಗೂ ಧಾರಾಳ ಸಮಯ. ನಿಮಿಷಕ್ಕೊಮ್ಮೆ ಗಾಳಿಯ ತಾಪ ಓದುವ ಪೆಟ್ಟಿಗೆಗೆ 400 ಕಿಲೊಹರ್ಟ್ಸ್‌ನಿಂದ ಯಾವ ಪ್ರಯೋಜನವೂ ಇಲ್ಲ. ವೇಗವನ್ನು ಇಳಿಸುವುದು ಒಂದು ಸಾಲಿನ ಪ್ರೋಗ್ರಾಮ್ ಬದಲಾವಣೆ. ಐ2ಸಿಯ ತೊಂದರೆಗಳಿಗೆ ಅಷ್ಟು ಅಗ್ಗದ ಮದ್ದು ಇನ್ನೊಂದಿಲ್ಲ. ಬ್ಯಾಟರಿಯ ಸ್ಥಿತಿ ತಿಳಿಸುವ ಐಸಿಗಳು ಬಳಸುವ, ಐ2ಸಿಯ ಬಂಧುವಾದ ಎಸ್‌ಎಂಬಸ್‌ನ ಕಡಿಮೆ ಶಕ್ತಿಯ ವರ್ಗದಲ್ಲಿ ಮಾತ್ರ ಎಚ್ಚರ ಬೇಕು. ಅಲ್ಲಿ ಐಸಿ 0.35 ಮಿಲಿಆಂಪಿಯರ್ ಎಳೆದರೆ ಸಾಕೆಂದು ನಿಯಮ, 3.3 ವೋಲ್ಟಿನಲ್ಲಿ ರೋಧಕ 8.3 ಕಿಲೊಓಮಿಗಿಂತ ಕೆಳಗಿಳಿಯಬಾರದು.

ಲೆಕ್ಕ ಮಾಡಿದ್ದನ್ನು ಆಸಿಲೋಸ್ಕೋಪಿನಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು. 3.3 ವೋಲ್ಟಿನ ಬಸ್ಸಿನಲ್ಲಿ 0.99ರಿಂದ 2.31 ವೋಲ್ಟಿಗೆ ಏರಿದ ಸಮಯವನ್ನೂ, ಸೊನ್ನೆ ಎಷ್ಟು ಕೆಳಗೆ ಹೋಯಿತೆಂಬುದನ್ನೂ ಎರಡೂ ಬದಿಯಲ್ಲಿ ಅಳೆಯಬೇಕು. ಪ್ರೋಬ್ ಕೂಡ ಸುಮಾರು 10 ಪಿಕೊಫ್ಯಾರಡ್ ಸೇರಿಸುತ್ತದೆ ಎಂಬುದು ಮನಸ್ಸಿನಲ್ಲಿರಲಿ. ಸ್ಕೋಪ್ ಇಲ್ಲದವರು ಕರೆಂಟು ತೆಗೆದು, ತಂತಿ ಮತ್ತು ಸರಬರಾಜಿನ ನಡುವೆ ಮಲ್ಟಿಮೀಟರಿನಿಂದ ರೋಧವನ್ನು ಅಳೆದರೂ ಅಡಗಿರುವ ಪುಲ್‌ಅಪ್‌ಗಳ ಸುಳಿವು ಸಿಗುತ್ತದೆ. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಐ2ಸಿ ಎಳೆಯುವ ಯೋಚನೆಯನ್ನು ಮಾತ್ರ ಬಿಡಬೇಕು. ಆ ದೂರಕ್ಕೆ ಆರ್‌ಎಸ್-485 ಇದೆ.

ಎಡಿಸನ್ ತಯಾರಿಕೆಯನ್ನು ಇಂಟೆಲ್ 2017ರಲ್ಲೇ ನಿಲ್ಲಿಸಿತು. 1.8 ವೋಲ್ಟ್ ಮಾತ್ರ ಉಳಿಯಿತು. ಮೊಬೈಲ್ ಫೋನಿನ ಸೆನ್ಸರ್‌ಗಳು ಬಹಳಷ್ಟು ಆ ವೋಲ್ಟೇಜಿನವೇ, 1.2 ವೋಲ್ಟಿನವೂ ಬರುತ್ತಿವೆ. ಹೀಗಿರುವಾಗ ಮಾಡ್ಯೂಲು ತಯಾರಿಸುವವರು ಅದರ ಮೇಲಿನ ಪುಲ್‌ಅಪ್ ಎಷ್ಟು ಓಮಿನದು, ಯಾವ ವೋಲ್ಟೇಜಿಗೆ ಕಟ್ಟಿದ್ದು ಎಂಬುದನ್ನು ಬೋರ್ಡಿನ ಮೇಲೇ ಅಚ್ಚು ಹಾಕಬೇಕು, ಅದನ್ನು ಕತ್ತರಿಸಲು ಒಂದು ಗೆರೆಯನ್ನೂ ಬಿಡಬೇಕು. ಕೊಳ್ಳುವವರು ಅಂಥ ಬೋರ್ಡನ್ನೇ ಕೇಳಿ ಕೊಳ್ಳಲಿ.